ಪರರ ಬಂದೂಕು ಇಟ್ಟುಕೊಂಡವರ ಹೊಣೆ: ಆಕ್ಷೇಪಗಳಿಗೆ ಉತ್ತರ

ಹೊಂಬಳದ ಗುಡಿಯ ಪೌಳಿಯಲ್ಲಿ ನಡೆದ ಕಾನೂನು ತಿಳಿವಳಿಕೆಯ ಸಭೆಯಲ್ಲಿ ನಾನು ಎರಡು ಮಾತು ಹೇಳಿದ್ದೆ. ಬೇರೆಯವರ ಬಂದೂಕನ್ನು ಒಂದು ರಾತ್ರಿಗಾದರೂ ಮನೆಯಲ್ಲಿ ಇಟ್ಟುಕೊಂಡವರು ಕಾನೂನಿಗೆ ಉತ್ತರ ಕೊಡಬೇಕಾಗುತ್ತದೆ. ಚುನಾವಣೆ ಹೊತ್ತಿಗೆ ನಮ್ಮ ಬಂದೂಕನ್ನು ತನ್ನಲ್ಲಿ ಇಟ್ಟುಕೊಳ್ಳುವ ಸರ್ಕಾರವೂ ಅಷ್ಟೇ ಮಟ್ಟಿಗೆ ನಮಗೆ ಉತ್ತರ ಕೊಡಬೇಕು. ಮೊದಲನೆಯ ಮಾತಿಗೆ ಊರವರು ಸಿಟ್ಟಾದರು, ಎರಡನೆಯದಕ್ಕೆ ಅಧಿಕಾರಿಗಳ ಕಡೆಯವರು ಮುಖ ಗಂಟಿಕ್ಕಿದರು.

ಆಮೇಲೆ ಕೆಲವರು ಕಟ್ಟೆಯ ಮೇಲೆ ತಡೆದು ಕೇಳಿದರು. ಒಬ್ಬ ಹಿರಿಯರು ಎರಡು ಪುಟದ ಪತ್ರ ಬರೆದು ಮನೆಗೆ ಕಳಿಸಿದರು. ಗದಗಿನ ಕೋರ್ಟಿನ ಆವರಣದಲ್ಲಿ ನನ್ನ ಓರಗೆಯ ವಕೀಲರೊಬ್ಬರು ಚಹಾದ ಲೋಟ ಕೆಳಗಿಟ್ಟು ವಾದಕ್ಕೇ ನಿಂತರು. ಅವರೆಲ್ಲರ ಆಕ್ಷೇಪಗಳಲ್ಲಿ ನಿಜವಾದ ಅಳುಕಿದೆ, ಅನುಭವವಿದೆ. ಒಂದೊಂದನ್ನೇ ತೆಗೆದುಕೊಂಡು ಉತ್ತರಿಸುತ್ತೇನೆ.

"ಎರಡ ದಿನದ ಮಾತಿಗೆ ಕಾಯ್ದೆ ಯಾಕ್ರಿ ವಕೀಲ್ರ? ಬಾಜೂ ಮನ್ಯಾವ್ರು ಶ್ರೀಶೈಲಕ್ಕ ಪಾದಯಾತ್ರೆ ಹೊಂಟಿದ್ರು, ಬಂದೂಕ ಇಟ್ಕೊಳ್ರಿ ಅಂದ್ರು, ಇಟ್ಕೊಂಡ್ವಿ." ಎಲ್ಲಕ್ಕಿಂತ ಮೊದಲು ಬಂದ ಆಕ್ಷೇಪ ಇದು. ಬೇಡುವವರೂ ಸಜ್ಜನರು, ಇಟ್ಟುಕೊಂಡವರೂ ಸಜ್ಜನರು. ಮನೆ ಕೆಡವಿ ಕಟ್ಟಿಸುವಾಗ, ಮಕ್ಕಳ ಹತ್ತಿರ ಬೆಂಗಳೂರಿಗೆ ಹೋಗುವಾಗ, ದವಾಖಾನೆಗೆಂದು ಹುಬ್ಬಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿಯುವಾಗ ನಮ್ಮ ಸೀಮೆಯಲ್ಲಿ ಹೀಗೇ ನಡೆಯುತ್ತದೆ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 3 ದಿನ ಎಣಿಸುವುದಿಲ್ಲ. ಪರವಾನಗಿ ಇಲ್ಲದೆ ಬಂದೂಕನ್ನು ಪಡೆಯುವುದು, ತನ್ನ ವಶದಲ್ಲಿ ಇಟ್ಟುಕೊಳ್ಳುವುದು, ಒಯ್ಯುವುದು, ಈ ಮೂರೂ ಅಪರಾಧ. ಶಿಕ್ಷೆ ಮೊದಲು ಒಂದರಿಂದ ಮೂರು ವರ್ಷ ಇತ್ತು. 2019ರ ಡಿಸೆಂಬರಿನಲ್ಲಿ ಬಂದ ತಿದ್ದುಪಡಿಯ ನಂತರ ಅದು ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ, ಜೊತೆಗೆ ದಂಡ. ಪಾದಯಾತ್ರೆಗೆ ಹೋದ ಮಾಲೀಕರೂ ಪಾರಾಗುವುದಿಲ್ಲ. ಇಟ್ಟುಕೊಳ್ಳುವವನಿಗೆ ಅಧಿಕಾರ ಇದೆಯೋ ಇಲ್ಲವೋ ನೋಡದೆ ಬಂದೂಕು ಕೈಗಿತ್ತದ್ದು ಒಂದು ಅಪರಾಧ, ಪರವಾನಗಿಯ ಷರತ್ತು ಮುರಿದದ್ದು ಇನ್ನೊಂದು. ಎರಡಕ್ಕೂ ಆರು ತಿಂಗಳವರೆಗೆ ಸಜೆ ಇದೆ. ಪರವಾನಗಿ ರದ್ದಾಗುವ ಸಂಭವ ಬೇರೆ.

ಕಲಂ 3ರಲ್ಲೇ ಒಂದು ಸಣ್ಣ ಕಿಂಡಿ ಬಿಟ್ಟಿದ್ದಾರೆ. ಜನ ಅದನ್ನು ತಪ್ಪು ತಿಳಿದಿರುವುದರಿಂದ ಬಿಡಿಸಿ ಹೇಳುತ್ತೇನೆ. ದುರಸ್ತಿಗೆ, ಪರವಾನಗಿಯ ನವೀಕರಣಕ್ಕೆ ಅಥವಾ ಮಾಲೀಕರ ಸ್ವಂತ ಬಳಕೆಗೆಂದು, ಮಾಲೀಕರ ಎದುರಿನಲ್ಲಿ ಅಥವಾ ಅವರ ಲಿಖಿತ ಅಧಿಕಾರಪತ್ರ ಹಿಡಿದುಕೊಂಡು, ಪರವಾನಗಿ ಇಲ್ಲದವರೂ ಬಂದೂಕು ಒಯ್ಯಬಹುದು. ವಯಸ್ಸಾದ ಮಾವನ ಬಂದೂಕನ್ನು ಅಳಿಯ ಚೀಟಿ ಬರೆಸಿಕೊಂಡು ನವೀಕರಣಕ್ಕೆ ಗದಗಿಗೆ ಒಯ್ದರೆ ತಪ್ಪಿಲ್ಲ. ಅದೇ ಬಂದೂಕನ್ನು ಅಳಿಯ ತನ್ನ ಮನೆಯ ಗೂಟಕ್ಕೆ ತೂಗುಹಾಕಿದರೆ ಆ ಚೀಟಿ ಕಾಯುವುದಿಲ್ಲ. ಕಾಯ್ದೆಯಲ್ಲಿ ಒಯ್ಯುವುದಕ್ಕೆ ಮಾಡಿದ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ ಇಲ್ಲ.

ಸ್ನೇಹಕ್ಕಾಗಿ ಮಾಡಿದ್ದು ಎಂಬ ಕಾರಣ ಕೋರ್ಟಿನಲ್ಲಿ ಎಷ್ಟು ದೂರ ಬರುತ್ತದೆ ಎಂಬುದನ್ನು ದೇಶವೆಲ್ಲ ನೋಡಿದೆ. 1993ರ ಮುಂಬಯಿ ಸ್ಫೋಟದ ಮೊಕದ್ದಮೆಯಲ್ಲಿ ನಟ ಸಂಜಯ ದತ್ತರಿಗೆ ಶಸ್ತ್ರಾಸ್ತ್ರ ಕಾಯ್ದೆಯಡಿ ಆದ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2013ರ ಮಾರ್ಚ್ 21ರಂದು ಐದು ವರ್ಷಕ್ಕೆ ಇಳಿಸಿ ಖಾಯಂ ಮಾಡಿದ್ದು ಎಲ್ಲರಿಗೂ ನೆನಪಿದೆ. ಆ ಮೊಕದ್ದಮೆಯಲ್ಲಿ ಅವರ ಗೆಳೆಯರೂ ಇದ್ದರು ಎಂಬುದು ಕೆಲವರಿಗಷ್ಟೇ ನೆನಪು. ಮಾರಿಷಸ್‌ನಿಂದ ಬಂದ ಒಂದು ಫೋನ್ ಕರೆಗೆ ಓಗೊಟ್ಟು ಅವರ ಮನೆಯಿಂದ ಆಯುಧ ಎತ್ತಿಕೊಂಡು ಹೋದವರು ಆ ಗೆಳೆಯರು. ಅವರಿಗೂ ಶಿಕ್ಷೆಯಾಯಿತು. ಅವರ ಕೈಯಿಂದ ಯಾರೂ ಸತ್ತಿರಲಿಲ್ಲ, ಅವರು ಗೆಳೆಯನ ಮಾತು ನಡೆಸಿಕೊಟ್ಟಿದ್ದರು ಅಷ್ಟೇ.

ಇನ್ನೊಬ್ಬರು "ಬಂದೂಕಿಗೆ ಲೈಸೆನ್ಸ್ ಐತಲ್ರಿ" ಎಂದರು. ಇದಕ್ಕೆ ಹೆಚ್ಚು ಮಾತು ಬೇಡ. ಪರವಾನಗಿ ಕೊಡುವುದು ಮನುಷ್ಯನಿಗೆ. ಅವನ ನಡತೆ, ಅವನ ಅಗತ್ಯ, ಅವನ ಮೇಲಿನ ಪೊಲೀಸ್ ವರದಿ ನೋಡಿ ಇಂಥ ನಂಬರಿನ ಇಂಥ ಬಂದೂಕನ್ನು ಇವನು ಇಟ್ಟುಕೊಳ್ಳಬಹುದು ಎನ್ನುತ್ತಾರೆ. ಬಸ್ಸಿನ ಚೀಟಿಯ ಹಾಗೆ ಕೈಯಿಂದ ಕೈಗೆ ದಾಟಿಸುವಂಥದ್ದಲ್ಲ ಅದು. ತೋಟಾ ಇರಲಿಲ್ಲ, ನಳಿಗೆಯಷ್ಟೇ ಇತ್ತು ಎಂಬ ಮಾತೂ ನಿಲ್ಲುವುದಿಲ್ಲ. ಬಂದೂಕಿನ ಭಾಗಗಳನ್ನೂ ಕಾಯ್ದೆ ಬಂದೂಕೆಂದೇ ಎಣಿಸುತ್ತದೆ.

ಕಟ್ಟೆಯ ಮೇಲೆ ಕೂತ ಗಂಡಸರು ಕೇಳದ ಪ್ರಶ್ನೆಯನ್ನು ಒಬ್ಬ ತಾಯಿ ಕೇಳಿದಳು. "ಗಂಡ್ಮಕ್ಳು ಹಗೇವಿನ್ಯಾಗ ಏನ ಮುಚ್ಚಿಡ್ತಾರ ನಮಗ್ಯಾರ ಹೇಳ್ತಾರ? ನಾಳೆ ಪೊಲೀಸ್ರು ಬಂದ್ರ ನಮ್ಮನ್ನ ಹಿಡೀತಾರೇನ್ರಿ ಯಪ್ಪಾ?" ಅವಳ ಭಯ ಸುಳ್ಳಲ್ಲ, ಉತ್ತರವೂ ಸ್ಪಷ್ಟವಿದೆ. ವಸ್ತು ಮನೆಯ ನೆಲದೊಳಗೆ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಮನೆಯಲ್ಲಿರುವವರೆಲ್ಲ ಅಪರಾಧಿಗಳಾಗುವುದಿಲ್ಲ. ವಶ ಎಂದರೆ ಅರಿವಿದ್ದ ವಶ. ಬಂದೂಕು ಇದೆಯೆಂದು ತಿಳಿದಿರಬೇಕು, ಅದರ ಮೇಲೆ ತನ್ನ ಹಿಡಿತವಿರಬೇಕು. 1972ರಲ್ಲಿ ಗುನ್ವಂತ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಅದೇ ತೀರ್ಪು ಮಾಲೀಕನನ್ನೂ ಕಟ್ಟಿಹಾಕುತ್ತದೆ. ಆಯುಧ ಬೇರೊಬ್ಬನ ಕೈಯಲ್ಲಿದ್ದರೂ, ಬೇಕೆಂದಾಗ ಅದನ್ನು ತರಿಸಿಕೊಳ್ಳುವ ಹಿಡಿತ ಉಳಿಸಿಕೊಂಡವನ ವಶದಲ್ಲೇ ಅದು ಇದೆ ಎಂದು ಲೆಕ್ಕ. ಹಾಗಾಗಿ ಆ ತಾಯಿಗೆ ಅಂದು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ: ಗೊತ್ತಿಲ್ಲದ್ದಕ್ಕೆ ನೀನು ಹೊಣೆಯಲ್ಲವ್ವಾ. ಗೊತ್ತಾದ ಮೇಲೆ ಸುಮ್ಮನಿರಬೇಡ. ತಿಳಿದೂ ಕಾಯ್ದು ಕೂತರೆ ಆ ದಿನದಿಂದ ಅದು ನಿನ್ನ ತಲೆಗೂ ಬರುತ್ತದೆ.

ಎರಡು ಪುಟದ ಪತ್ರ ಬರೆದ ಹಿರಿಯರು ಎರಡು ವಿಷಯ ಎತ್ತಿದ್ದಾರೆ. ಮೊದಲನೆಯದು ನಂಬಿಕೆ. ಇಟ್ಟುಕೊಡಿ ಎಂದದ್ದನ್ನು ಇಟ್ಟುಕೊಡುವುದು ನಮ್ಮ ಊರುಗಳ ಧರ್ಮ, ಅದರೊಳಗೆ ಕಾಯ್ದೆ ಕಲಂ ತಂದರೆ ನೆರೆಹೊರೆ ಮುರಿಯುತ್ತದೆ ಎನ್ನುತ್ತಾರೆ. ಅವರನ್ನು ನಮ್ಮ ಪರಂಪರೆಯ ಕಡೆಗೇ ಕರೆಯುತ್ತೇನೆ. ಚಾಲುಕ್ಯರ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರ ಬರೆದ. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಪರರ ವಸ್ತು ಇಟ್ಟುಕೊಂಡವರ ಹೊಣೆಗೆಂದೇ ಒಂದು ಪ್ರಕರಣವಿದೆ. ರಾಜ, ದೈವ, ಕಳ್ಳರಿಂದ ವಸ್ತು ಹೋದರೆ ಇಟ್ಟುಕೊಂಡವನು ತುಂಬಿಕೊಡಬೇಕಿಲ್ಲ. ಕೇಳಿದಾಗ ಕೊಡದೆ ಆಮೇಲೆ ಹೋದರೆ ತುಂಬಿಕೊಡಬೇಕು, ದಂಡವನ್ನೂ ತೆರಬೇಕು. ನಂಬಿ ಇಟ್ಟ ವಸ್ತುವಿಗೆ ಲೆಕ್ಕ ಕೇಳುವುದು ನಮಗೆ ಹೊಸದಲ್ಲ. ಇಂದಿನ 1872ರ ಕರಾರು ಕಾಯ್ದೆಯಲ್ಲಿ ಕಲಂ 161 ಹೇಳುವುದೂ ಬಹುಮಟ್ಟಿಗೆ ಇದನ್ನೇ: ಸಕಾಲಕ್ಕೆ ಮರಳಿಸದೆ ಹೋದರೆ ಆ ಹೊತ್ತಿನಿಂದ ಆಗುವ ಹಾನಿಯೆಲ್ಲ ಇಟ್ಟುಕೊಂಡವನದು. ಅದೇ ಕಾಯ್ದೆಯ ಕಲಂ 151ರ ಪ್ರಕಾರ, ವಿವೇಕವುಳ್ಳ ಸಾಧಾರಣ ಮನುಷ್ಯ ತನ್ನ ವಸ್ತುವನ್ನು ಜೋಪಾನ ಮಾಡುವಷ್ಟು ಜೋಪಾನವನ್ನು ಇಟ್ಟುಕೊಂಡವನು ಮಾಡಲೇಬೇಕು. ಬಾಡಿಗೆ ಪಡೆದವನಿಗೆ ಒಂದು ಅಳತೆ, ಪುಕ್ಕಟೆ ಇಟ್ಟುಕೊಂಡವನಿಗೆ ಇನ್ನೊಂದು ಎಂದು ಅದರಲ್ಲಿಲ್ಲ. ಹೊಲದ ಪತ್ರ, ಬಂಗಾರ, ಬೀಜದ ಜೋಳ ಏನು ಬೇಕಾದರೂ ನೆರೆಯವರಲ್ಲಿ ಇಡಿ. ಬಂದೂಕೊಂದನ್ನು ಇಡಬೇಡಿ. ಬಂಗಾರ ಕಳೆದರೆ ಇಬ್ಬರು ಅಳುತ್ತಾರೆ. ಬಂದೂಕು ಕಳೆದರೆ, ಕೂಸಿನ ಕೈಗೆ ಸಿಕ್ಕರೆ, ಸಂಬಂಧವೇ ಇಲ್ಲದ ಮೂರನೆಯವರ ಮನೆಯಲ್ಲಿ ಹೆಣ ಬೀಳುತ್ತದೆ. ಅಜಾಗ್ರತೆಯಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106ರಡಿ ಐದು ವರ್ಷದವರೆಗೆ ಸಜೆಯಿದೆ.

ಅವರು ಎತ್ತಿದ ಎರಡನೆಯದು ಇತಿಹಾಸ. ಇದಕ್ಕೆ ಉತ್ತರಿಸುವಾಗ ನನ್ನ ಧ್ವನಿಯೂ ತಗ್ಗುತ್ತದೆ. "ಆಯುಧ ಕೊಡಿ ಎಂದ ಕಂಪನಿ ಸರ್ಕಾರದ ವಿರುದ್ಧ ಹಲಗಲಿಯ ಬೇಡರು ಎದ್ದರು. ಮುಂಡರಗಿ ಭೀಮರಾಯ, ನರಗುಂದದ ಬಾಬಾಸಾಹೇಬ ಜೀವ ಕೊಟ್ಟರು. ಆ ನೆಲದಲ್ಲಿ ನಿಂತು ಠಾಣೆಗೆ ಬಂದೂಕು ಒಪ್ಪಿಸಿ ಎನ್ನುತ್ತೀರಲ್ಲ" ಎಂದು ಬರೆದಿದ್ದಾರೆ. 1857ರ ನವೆಂಬರಿನಲ್ಲಿ ಹಲಗಲಿ ಉರಿದದ್ದೂ, ಮರುವರ್ಷ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಮಡಿದದ್ದೂ, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದೂ ಈ ಸೀಮೆಯ ಮಕ್ಕಳಿಗೆ ಹೇಳಿಕೊಡಬೇಕಾದದ್ದಿಲ್ಲ. ಆದರೆ ಆ ಹೋರಾಟದ ತಿರುಳನ್ನು ನಾನು ಬೇರೆ ರೀತಿ ಓದುತ್ತೇನೆ. ಅಂದಿನ ಸರ್ಕಾರ ಪ್ರಜೆಯ ಆಯುಧ ಕೇಳಿತು, ಪ್ರಜೆಗೆ ಏನೂ ಉತ್ತರ ಕೊಡಲಿಲ್ಲ. ಬೇಡರ ಮನೆಯ ಆಯುಧಕ್ಕೆ ಪಾವತಿ ಇರಲಿಲ್ಲ, ಮರಳಿಸುವ ದಿನ ಇರಲಿಲ್ಲ, ಕೇಳಲು ಕೋರ್ಟು ಇರಲಿಲ್ಲ. ಇಂದು ನಮಗೆ ಆ ಮೂರೂ ಸಿಗಬೇಕು ಎಂದು ನಾನು ಕೇಳುತ್ತಿದ್ದೇನೆ. ಹಿರಿಯರು ನನ್ನನ್ನು ಕಂಪನಿಯ ಕಡೆ ನಿಲ್ಲಿಸಿದ್ದಾರೆ. ನಾನು ನಿಂತಿರುವುದು ಆ ಪಾವತಿ ಸಿಗದವರ ಕಡೆ.

ಕೊಡಗಿನವರಿಗೆ ಪರವಾನಗಿಯೇ ಬೇಡವಲ್ಲ, ನಮಗೇಕೆ ಎಂದು ಕೇಳಿದವರಿಗೆ ಒಂದೆರಡು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ 1861ರಷ್ಟು ಹಿಂದಿನದು. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿಯೂ ಬಂದೂಕಿನ ಜೊತೆ ಊರೂರು ತಿರುಗುವುದಿಲ್ಲ. ವಿನಾಯಿತಿ ಇಲ್ಲದ ಗೆಳೆಯನ ಮನೆಯಲ್ಲಿ ಇಟ್ಟರೆ ಆ ಗೆಳೆಯನ ಗತಿ ಹೊಂಬಳದವರ ಗತಿಯೇ.

ಈಗ ಠಾಣೆಯ ಮಾತು, ಅಂದರೆ ಚುನಾವಣೆ ಹೊತ್ತಿಗೆ ಅಲ್ಲಿ ಜಮಾ ಆಗುವ ಬಂದೂಕುಗಳ ಮಾತು. ನನ್ನ ಓರಗೆಯ ವಕೀಲರು ಹೇಳಿದ್ದು ಹೀಗೆ: "ಸಾವಿರಾರು ಬಂದೂಕು ಬಂದು ಬೀಳುತ್ತವೆ. ಒಂದಕ್ಕೆ ತುಕ್ಕು ಹಿಡೀತು, ಇನ್ನೊಂದರ ಹಿಡಿ ಮುರೀತು ಅಂತ ಸರ್ಕಾರದ ಮೇಲೆ ದಾವೆ ಹೂಡಲು ಆಗುತ್ತದೆಯೇ? ಅದು ಸರ್ಕಾರದ ಸಾರ್ವಭೌಮ ಕೆಲಸ, ಹೊಣೆ ಬರುವುದಿಲ್ಲ."

ಇದನ್ನು ಕೇಳುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮಪ್ಪನ ಒಂಟಿ ನಳಿಗೆಯ ಬಂದೂಕು. 2013ರ ವಿಧಾನಸಭಾ ಚುನಾವಣೆಗೆ ಅಪ್ಪ ಅದನ್ನು ಒಂದು ಠಾಣೆಯಲ್ಲಿ ಜಮಾ ಮಾಡಿದರು. ಪ್ರತಿ ವರ್ಷ ಖಂಡೇ ಪೂಜೆಗೆ ಎಣ್ಣೆ ಹಚ್ಚಿ, ನಳಿಗೆ ಒರೆಸಿ, ಬನ್ನಿ ಇಟ್ಟು ಕೈಮುಗಿಯುತ್ತಿದ್ದ ಬಂದೂಕು ಅದು. ಮುಂಗಾರಿನ ಹೆಸರು ಹೂವಿಗೆ ಬರುವ ಹೊತ್ತಿಗೆ ಮರಳಿ ಸಿಕ್ಕಿತು. ನಳಿಗೆಯೊಳಗೆ ತುಕ್ಕು ಕಟ್ಟಿತ್ತು, ಕಟ್ಟಿಗೆಯ ಹಿಡಿ ಸೀಳಿತ್ತು. ಅಪ್ಪನ ಹತ್ತಿರ ಇದ್ದ ಪಾವತಿಯಲ್ಲಿ ಬರೆದದ್ದು "ಬಂದೂಕು 1" ಎಂದಷ್ಟೇ. ನಂಬರಿಲ್ಲ, ಸ್ಥಿತಿ ಹೇಗಿತ್ತು ಎಂಬುದಿಲ್ಲ. ಕೇಳಲು ಹೋದಾಗ ಮೊದಲೇ ಹಾಗೇ ಇತ್ತೆಂದರು. ನಾನು ವಕೀಲನಾಗಿದ್ದೂ ಅಪ್ಪನಿಗೆ ಏನೂ ಮಾಡಿಕೊಡಲಿಕ್ಕೆ ಆಗಲಿಲ್ಲ. ಆ ಎರಡಕ್ಷರದ ಪಾವತಿಯಿಂದ ಏನನ್ನೂ ಸಿದ್ಧಪಡಿಸಲು ಸಾಧ್ಯವಿರಲಿಲ್ಲ.

ಸಾರ್ವಭೌಮ ಕೆಲಸ ಎಂಬ ವಾದಕ್ಕೆ ಒಂದು ಹಳೆಯ ಆಧಾರ ಇದೆ, ಒಪ್ಪುತ್ತೇನೆ. 1947ರಲ್ಲಿ ಮೀರತ್ತಿನ ಪೊಲೀಸರು ವ್ಯಾಪಾರಿಯೊಬ್ಬರ ಬಂಗಾರ ಹಿಡಿದಿಟ್ಟರು. ಕಾವಲಿದ್ದ ಹೆಡ್ ಕಾನ್‌ಸ್ಟೇಬಲ್ ಅದರೊಂದಿಗೆ ಪಾಕಿಸ್ತಾನಕ್ಕೆ ಓಡಿಹೋದ. ಕಸ್ತೂರಿಲಾಲ್ ಪ್ರಕರಣವೆಂದು ಹೆಸರಾದ ಆ ತಕರಾರಿನಲ್ಲಿ ಸರ್ಕಾರ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ನನ್ನ ವಕೀಲ ಗೆಳೆಯರು ಅಲ್ಲಿಗೆ ನಿಂತರು, ಕೋರ್ಟು ಅಲ್ಲಿಗೆ ನಿಲ್ಲಲಿಲ್ಲ. 1967ರಲ್ಲಿ ಗುಜರಾತಿನ ವಾಹನಗಳ ಪ್ರಕರಣದಲ್ಲಿ, ಕರಾರು ಇಲ್ಲದಿದ್ದರೂ ವಸ್ತು ಹಿಡಿದಿಟ್ಟುಕೊಂಡ ಸರ್ಕಾರ ಅದನ್ನು ಜೋಪಾನ ಮಾಡಿ ಮರಳಿಸಲು ಬದ್ಧ ಎಂದಿತು. 1977ರಲ್ಲಿ ಬಂದದ್ದು ನಮ್ಮ ರಾಜ್ಯದ್ದೇ ತೀರ್ಪು. ಕಳವಾದ ಒಡವೆ ಪೊಲೀಸರಿಗೆ ಸಿಕ್ಕು, ಪೊಲೀಸರ ವಶದಲ್ಲಿದ್ದಾಗಲೇ ಮತ್ತೆ ಮಾಯವಾಗಿತ್ತು. ಮೈಸೂರು ರಾಜ್ಯದ ವಿರುದ್ಧ ಸುಪ್ರೀಂ ಕೋರ್ಟಿನ ತನಕ ಹೋದ ಆ ಹೆಣ್ಣುಮಗಳಿಗೆ ಒಡವೆಯ ಬೆಲೆಯನ್ನು ಸರ್ಕಾರವೇ ಕೊಡಬೇಕೆಂದು ತೀರ್ಪಾಯಿತು. ತಕ್ಕ ಕಾಳಜಿ ವಹಿಸಿದ್ದೆವು ಎಂದು ಸರ್ಕಾರ ತೋರಿಸಿಕೊಡದಿದ್ದರೆ ಬೆಲೆ ತೆರಲೇಬೇಕು ಎಂಬುದು ಅಲ್ಲಿನ ನಿಲುವು. 1994ರಲ್ಲಿ ಆಂಧ್ರದ ಗೊಬ್ಬರ ವ್ಯಾಪಾರಿಯೊಬ್ಬರ ಪ್ರಕರಣದಲ್ಲಿ, ಅಧಿಕಾರಿಗಳ ನಿರ್ಲಕ್ಷ್ಯದಿಂದ ಕೆಟ್ಟ ಸರಕಿಗೆ ಸಾರ್ವಭೌಮತ್ವದ ಹೆಸರು ಹೇಳಿ ಸರ್ಕಾರ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು. ಇವು ಒಡವೆಯ, ವಾಹನದ, ಗೊಬ್ಬರದ ತೀರ್ಪುಗಳು, ಬಂದೂಕಿನವಲ್ಲ ಎಂದು ಗೆಳೆಯರು ಹೇಳಬಹುದು. ನಿಜ. ಆದರೆ ಕದ್ದ ಮಾಲೆಂದು, ಅಪರಾಧದ ಮಾಲೆಂದು ಹಿಡಿದಿಟ್ಟ ವಸ್ತುವಿಗೇ ಸರ್ಕಾರ ಇಷ್ಟು ಹೊಣೆಯಾದರೆ, ಯಾವ ತಪ್ಪೂ ಮಾಡದ ರೈತ ಆದೇಶಕ್ಕೆ ತಲೆಬಾಗಿ ತಾನೇ ತಂದೊಪ್ಪಿಸಿದ ಬಂದೂಕಿಗೆ ಕಡಿಮೆ ಹೊಣೆ ಎಂದು ಯಾವ ನ್ಯಾಯ ಹೇಳುತ್ತದೆ?

ಚುನಾವಣಾ ಆಯೋಗದ ಸೂಚನೆಗಳೇ ಈ ವಾದವನ್ನು ಮುಗಿಸುತ್ತವೆ. ಬಂದೂಕು ಜಮಾ ಮಾಡಿದವರಿಗೆ ಸರಿಯಾದ ರಸೀದಿ ಕೊಡಬೇಕು, ಅವನ್ನು ಸುರಕ್ಷಿತವಾಗಿ ಕಾಯುವುದು ಜಿಲ್ಲಾಡಳಿತದ ಕರ್ತವ್ಯ, ಫಲಿತಾಂಶ ಬಂದು ಒಂದು ವಾರ ಕಳೆಯುತ್ತಲೇ ಮರಳಿಸಬೇಕು ಎಂದು ಅವುಗಳಲ್ಲಿದೆ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ಕ್ಕೆ ಬಂತು, ಎಣಿಕೆ ಜೂನ್ 4ಕ್ಕೆ ಆಯಿತು. ಎಂಬತ್ತು ದಿನ, ಮೇಲೊಂದು ವಾರ. ಅಷ್ಟು ದಿನ ಎಣ್ಣೆ ಕಾಣದ ಕಬ್ಬಿಣಕ್ಕೆ ಏನಾಗುತ್ತದೆಂದು ರೆಂಟೆ ಕುಂಟೆ ಹಿಡಿದ ನಮ್ಮ ಜನಕ್ಕೆ ಗೊತ್ತು. ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ರಸೀದಿಯಲ್ಲಿ ಬಂದೂಕಿನ ನಮೂನೆ, ನಳಿಗೆಯ ಮೇಲಿನ ನಂಬರು, ತೋಟಾ ಎಷ್ಟು, ಜಮಾ ಮಾಡುವಾಗಿನ ಸ್ಥಿತಿ, ಪಡೆದವರ ಸಹಿ ಮತ್ತು ತಾರೀಖು ಇರಬೇಕು. ಮರಳಿಸುವಾಗ ಅದನ್ನೇ ಇಬ್ಬರೂ ಓದಿ ಸಹಿ ಹಾಕಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ. ಮಾಲೀಕರಿಗೂ ಒಂದು ಎಚ್ಚರಿಕೆ: ಪರವಾನಗಿ ತೀರಿದ್ದಕ್ಕೋ ರದ್ದಾದದ್ದಕ್ಕೋ ಜಮಾ ಮಾಡಿದ ಬಂದೂಕನ್ನು ಗೊತ್ತಾದ ಅವಧಿಯೊಳಗೆ ಮರಳಿ ಪಡೆಯದಿದ್ದರೆ, ಮಾರಿಸದಿದ್ದರೆ, ನೋಟಿಸು ಕೊಟ್ಟು ಸರ್ಕಾರ ಮುಟ್ಟುಗೋಲು ಹಾಕಬಹುದು.

"ಬಂದೂಕ ಠಾಣೇದಾಗಿದ್ರ ಹೊಲಕ್ಕ ಹಂದಿ ಬಂದ್ರ ಯಾರ ಕಾಯ್ತಾರ?" ಎಂದ ಮುಂಡರಗಿ ಕಡೆಯ ರೈತರ ಮಾತು ನ್ಯಾಯವಾದದ್ದು. ಕಪ್ಪತಗುಡ್ಡದ ಅಂಚಿನ ಹೊಲಗಳಲ್ಲಿ ರಾತ್ರಿ ಕಳೆದವರಿಗೆ ಅದರ ನೋವು ಗೊತ್ತು. ಬೆಳೆ ಕಾಯಲೆಂದು ಮದ್ದಿನ ಬಂದೂಕಿಗೆ ಪರವಾನಗಿ ಕೊಡುವುದನ್ನು ಕಾಯ್ದೆಯೇ ಒಪ್ಪಿದೆ. ಹೊಲಕ್ಕೆ ನುಗ್ಗುವ ಚಿಗರಿಯನ್ನಂತೂ ಕೊಲ್ಲುವಂತಿಲ್ಲ, ಬೆದರಿಸಿ ಓಡಿಸಲು ಸದ್ದು ಬೇಕು. ಎಲ್ಲರ ಬಂದೂಕನ್ನೂ ಕಣ್ಣುಮುಚ್ಚಿ ತರಿಸಿಕೊಳ್ಳುವುದು ಸರಿಯಲ್ಲ ಎಂದು 2009ರಲ್ಲಿ ಬಾಂಬೆ ಹೈಕೋರ್ಟು ಗೋವಾದ ಪ್ರಕರಣದಲ್ಲಿ ಹೇಳಿತು. ಯಾರದ್ದು ಜಮಾ ಆಗಬೇಕು, ಯಾರದ್ದು ಬೇಡ ಎಂದು ಪರಿಶೀಲನಾ ಸಮಿತಿ ನೋಡಬೇಕು. ಹೊಲ ಕಾಯುವವರು ಆ ಸಮಿತಿಗೆ ಮೊದಲೇ ಅರ್ಜಿ ಕೊಡಲಿ. ಅದನ್ನು ಬಿಟ್ಟು ಠಾಣೆಯವರ ಕಣ್ಣು ತಪ್ಪಿಸಲೆಂದು ಪಕ್ಕದೂರಿನ ಬೀಗರ ಮನೆಯಲ್ಲಿ ಬಚ್ಚಿಟ್ಟರೆ ಒಬ್ಬರ ಬದಲು ಇಬ್ಬರು ಸಿಕ್ಕಿಬೀಳುತ್ತಾರೆ.

ಸಭೆಯಲ್ಲಿ ನಾನು ಎಂ. ಎಂ. ಕಲಬುರ್ಗಿಯವರ ಹೆಸರು ತೆಗೆದದ್ದಕ್ಕೆ ಕೆಲವರು ನೊಂದುಕೊಂಡರು. "ನಮ್ಮ ಹೊಲದ ಬಂದೂಕಿಗೂ ಕೊಲೆಗಡುಕರ ಪಿಸ್ತೂಲಿಗೂ ಏನು ಸಂಬಂಧ?" ಎಂದರು. ನಾನು ಹೋಲಿಸಿದ್ದು ಬಂದೂಕುಗಳನ್ನಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದ ಗುಂಡುಗಳು ಒಂದೇ ಪಿಸ್ತೂಲಿನವು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತೆಂದು ತನಿಖೆಯವರು ತಿಳಿಸಿದರು. ಆ ಎರಡು ವರ್ಷ ಆ ಪಿಸ್ತೂಲು ಯಾವುದೋ ಒಂದು ಸೂರಿನ ಕೆಳಗೆ ಇತ್ತು. ಅದನ್ನು ಇಟ್ಟುಕೊಂಡ ಜಾಗದಲ್ಲಿ ಒಬ್ಬರಾದರೂ ಒಲ್ಲೆ ಎಂದಿದ್ದರೆ ಎಂದು ನಾನು ಆಗಾಗ ಯೋಚಿಸುತ್ತೇನೆ. ನಮ್ಮೂರಿನ ಸಜ್ಜನರಿಗೆ ಇದರಿಂದ ನೋವಾಗಿದ್ದರೆ ಕ್ಷಮೆ ಕೇಳುತ್ತೇನೆ, ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಕೊನೆಗೆ ಯಾರೂ ಆಕ್ಷೇಪಿಸದ, ಆದರೆ ಎಲ್ಲರೂ ಸುಮ್ಮನಾದ ಒಂದು ಸಂಗತಿ. ಅಪ್ಪ, ಅಜ್ಜ ತೀರಿಕೊಂಡ ಮೇಲೂ ಅವರ ಬಂದೂಕು ಗೋಡೆಯ ಮೇಲೆ ತೂಗುತ್ತಿರುವ ಮನೆಗಳು ನಮ್ಮ ಸೀಮೆಯಲ್ಲಿ ಇವೆ. ಸತ್ತವರ ಪರವಾನಗಿ ಅವರೊಂದಿಗೇ ಮುಗಿದಿದೆ. ಆ ಬಂದೂಕನ್ನು ಠಾಣೆಯಲ್ಲಿ ಅಥವಾ ಅದಕ್ಕೆ ಅಧಿಕಾರ ಪಡೆದ ವ್ಯಾಪಾರಿಯಲ್ಲಿ ಜಮಾ ಮಾಡಿ, ವಾರಸುದಾರರ ಹೆಸರಿಗೆ ಪರವಾನಗಿ ಕೇಳಲು ನಿಯಮವಿದೆ. ಮಾಲೀಕರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು 25 ವರ್ಷ ಪರವಾನಗಿ ಹೊಂದಿದ್ದರೆ ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು. ಅರ್ಜಿ ಬರೆಯಲು ಬಾರದವರು ಯಾವ ಭಾನುವಾರವಾದರೂ ಮುಂಜಾನೆ ನಮ್ಮ ಮನೆಗೆ ಬನ್ನಿ, ಬಂದೂಕನ್ನು ತರಬೇಡಿ, ಹಳೆಯ ಪರವಾನಗಿಯ ಪುಸ್ತಕ ಮಾತ್ರ ತನ್ನಿ. ಅರ್ಜಿ ನಾನು ಬರೆದುಕೊಡುತ್ತೇನೆ, ಹಣ ಬೇಡ.